ಎರಡು ಟಿಗ್ ವೆಲ್ಡಿಂಗ್ ಮೆಷಿನ್, ಎರಡರಲ್ಲೂ 80 ಆಂಪ್: ಶಾಖ ಮಾತ್ರ ಯಾಕೆ ಬೇರೆ?

ತರಬೇತಿ ಕೇಂದ್ರದ ದೊಡ್ಡ ಮೆಷಿನ್‌ನಲ್ಲಿ 80 ಆಂಪ್ ಇಟ್ಟರೆ 2 ಎಂಎಂ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಶೀಟು ಸಲೀಸಾಗಿ ಕರಗುತ್ತದೆ, ಮನೆಗೆ ತಂದ ಚಿಕ್ಕ ಇನ್ವರ್ಟರ್ ಮೆಷಿನ್‌ನಲ್ಲಿ ಅದೇ 80ಕ್ಕೆ ಶೀಟು ಬರೀ ಕೆಂಪಾಗುತ್ತದೆ, ಚಿಕ್ಕದಕ್ಕೆ ಶಾಖ ಕಮ್ಮಿಯಾ ಅಂತ ಕೇಳಿದ್ದೀರಿ.

ಇಲ್ಲ. ಟಾರ್ಚ್ ತುದಿಯಲ್ಲಿ ನಿಜವಾಗಿ 80 ಆಂಪ್ ಹರಿಯುತ್ತಿದ್ದು, ತುದಿಗೂ ಶೀಟಿಗೂ ನಡುವಿನ ಗ್ಯಾಪ್ ಕೂಡ ಒಂದೇ ಇದ್ದರೆ 200 ಆಂಪ್‌ನ ಮೆಷಿನ್‌ಗೂ 400ರ ಮೆಷಿನ್‌ಗೂ ಶಾಖದಲ್ಲಿ ವ್ಯತ್ಯಾಸ ಇರುವುದಿಲ್ಲ. ಆರ್ಕ್‌ನಲ್ಲಿ (ಆ ಗ್ಯಾಪ್‌ನಲ್ಲಿ ಉರಿಯುವ ಕಿಡಿಯಲ್ಲಿ) ಸುಮಾರು 13 ವೋಲ್ಟ್, ಅಂದರೆ 80 ಆಂಪ್‌ಗೆ ಹೆಚ್ಚುಕಮ್ಮಿ 1000 ವ್ಯಾಟ್. ಪೀಣ್ಯದ ಕಡೆ ಎಸ್‌ಎಸ್ ಕೆಲಸ ಮಾಡುವ ನಾನು ಎರಡೂ ಥರದ್ದನ್ನು ಬಳಸುತ್ತೇನೆ. ಮೆಷಿನ್ ಮೇಲೆ ಬರೆದ 200, 400 ಅದರ ಗರಿಷ್ಠ ಮಿತಿ ಅಷ್ಟೇ.

ನನ್ನ ಮೊದಲ ಅನುಮಾನ ಕೇಬಲ್ ಮೇಲೆ. ನಿಮ್ಮದು ಕಡ್ಡಿ ವೆಲ್ಡಿಂಗೂ ಮಾಡುವ ಮೆಷಿನ್ ಅಲ್ವಾ? ಕಡ್ಡಿಗೆ ಹೋಲ್ಡರ್ ಅನ್ನು ಪ್ಲಸ್‌ಗೆ ಹಾಕುವುದು ರೂಢಿ. ಟಿಗ್‌ಗೆ ಉಲ್ಟಾ: ಟಾರ್ಚ್ ಮೈನಸ್‌ಗೆ, ಅರ್ಥ್ ಕೇಬಲ್ ಪ್ಲಸ್‌ಗೆ. ಹೀಗಿದ್ದಾಗ ಶಾಖದ ಮೂರರಲ್ಲಿ ಎರಡು ಪಾಲು ಜಾಬ್‌ಗೆ (ವೆಲ್ಡ್ ಮಾಡುವ ಶೀಟಿಗೆ) ಹೋಗುತ್ತದೆ. ಅದಲುಬದಲಾದರೆ ಆ ಪಾಲು ಟಾರ್ಚ್ ತುದಿಯಲ್ಲಿರುವ ಟಂಗ್‌ಸ್ಟನ್ ಎಲೆಕ್ಟ್ರೋಡ್‌ಗೆ. ಚೂಪಾಗಿ ಗ್ರೈಂಡ್ ಮಾಡಿದ ತುದಿ ಕ್ಷಣದಲ್ಲಿ ಕರಗಿ ಗುಂಡಗಾಗಿದ್ದರೆ ಸಮಸ್ಯೆ ಇದೇ, ಬೇರೆ ಏನೂ ಹುಡುಕಬೇಡಿ.

ಆಮೇಲೆ ಆಂಪನ್ನು ಮತ್ತೆ ಮತ್ತೆ ಏರಿಸಿ ಇಳಿಸುವ ಪಲ್ಸ್ ಸ್ವಿಚ್ ನೋಡಿ. ಅದು ಆನ್ ಆಗಿದ್ದರೆ 80 ಅನ್ನುವುದು ಏರಿದಾಗಿನ ಆಂಪ್ ಮಾತ್ರ. ಅರ್ಧ ಸಮಯ 80, ಇನ್ನರ್ಧ ಅದರ 30% ಅಂದರೆ 24 ಅಂತಿಟ್ಟುಕೊಳ್ಳಿ, ಸರಾಸರಿ 52 ಆಯಿತು. ಶೀಟು ಕರಗದಿದ್ದರೆ ಆಶ್ಚರ್ಯ ಏನು!

ಇನ್ನು ಕೈ. ಹೊಸಬರು ಟಂಗ್‌ಸ್ಟನ್ ಅಂಟಿಕೊಳ್ಳುತ್ತದೆ ಅನ್ನುವ ಭಯಕ್ಕೆ ಟಾರ್ಚನ್ನು ಮೇಲೆ ಹಿಡಿಯುತ್ತಾರೆ. ಆಗ ವೋಲ್ಟ್ ಸ್ವಲ್ಪ ಏರುತ್ತದೆ ನಿಜ, ಆದರೆ ಶಾಖ ಅಗಲಕ್ಕೆ ಹರಡಿ ಶೀಟೆಲ್ಲ ನೀಲಿಯಾಗುತ್ತದೆ, ಪಡಲ್ (ಕರಗಿದ ಲೋಹದ ಮಡು) ಏಳುವುದಿಲ್ಲ. ತುದಿಗೂ ಶೀಟಿಗೂ ನಡುವೆ 1.6 ಎಂಎಂ ಫಿಲ್ಲರ್ ರಾಡ್ ತೂರುವಷ್ಟು ಸಂದು ಸಾಕು. ಅರ್ಥ್ ಕ್ಲಾಂಪನ್ನೂ ಪೇಂಟ್ ಹೊಡೆದ ಟೇಬಲ್ಲಿಗೆ ಸಿಕ್ಕಿಸಬೇಡಿ, ನೇರ ಜಾಬ್‌ಗೇ ಹಾಕಿ.

ಇಷ್ಟಾದರೂ ಸರಿಹೋಗದಿದ್ದರೆ ಡಿಸಿ ಅಳೆಯುವ ಕ್ಲಾಂಪ್ ಮೀಟರ್ ತನ್ನಿ. ಬರೀ ಎಸಿ ಅಳೆಯುವ ಎಲೆಕ್ಟ್ರಿಷಿಯನ್ ಮೀಟರ್ ಇದಕ್ಕೆ ಬರುವುದಿಲ್ಲ. ಪಲ್ಸ್ ಆಫ್ ಮಾಡಿ, ಆರ್ಕ್ ಉರಿಯುವಾಗ ಅರ್ಥ್ ಕೇಬಲ್ ಅಳೆಯಿರಿ. ಪ್ಯಾನೆಲ್ 80 ತೋರಿಸಿ ಮೀಟರ್ 55 ಅಂದರೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಬಿಲ್ ಹಿಡಿದು ಅಂಗಡಿಗೆ ಹೋಗಿ.

ಮೆಷಿನ್‌ಗಳ ನಡುವೆ ನಿಜವಾದ ವ್ಯತ್ಯಾಸ ಇರುವುದು ಕಮ್ಮಿ ಆಂಪ್‌ನಲ್ಲಿ. 1 ಎಂಎಂ ಶೀಟಿಗೆ ಸುಮಾರು 40 ಆಂಪ್ ಸಾಕು, ಅದಕ್ಕಿಂತ ತೆಳುವಾದರೆ ಇನ್ನೂ ಕಮ್ಮಿ. ಕೆಲವು 5 ಆಂಪ್‌ವರೆಗೂ ಅಲುಗಾಡದೆ ಉರಿಯುತ್ತವೆ, ಕೆಲವು 20ಕ್ಕೇ ತಡವರಿಸುತ್ತವೆ. ಕಾಲಿನ ಪೆಡಲ್ ಇದ್ದರಂತೂ ಕೆಲಸ ಮಾಡುತ್ತಲೇ ಆಂಪ್ ಇಳಿಸಬಹುದು. ಪೆಡಲ್ ಇಲ್ಲದ ಚಿಕ್ಕ ಮೆಷಿನ್‌ನಲ್ಲಿ ಶೀಟು ಕಾದಂತೆಲ್ಲ ಪಡಲ್ ದೊಡ್ಡದಾಗುತ್ತಾ ಹೋಗುತ್ತದೆ. ಆಗ ಕೈ ಬೇಗ ಓಡಿಸಿ, ಇಲ್ಲವೇ ನಿಲ್ಲಿಸಿ ಆರಲು ಬಿಡಿ.