‘ಕಣ್ಗಾವಲು’ ಕತೆಗೆ ಉತ್ತರ: ಒಂಬತ್ತನೆಯ ಪುಟಕ್ಕೆ ಹಿಂದಿರುಗಿ

ಪ್ರಿಯ ಬರಹಗಾರರೇ,

ನಿಮ್ಮ ‘ಕಣ್ಗಾವಲು’ ಕತೆ ಕೈಸೇರಿ ಒಂದೂವರೆ ತಿಂಗಳಾಯಿತು. ಎರಡು ಸಲ ಓದಿದೆ. ಎರಡೂ ಸಲ ಬೇರೆ ಬೇರೆ ಕಡೆ ಸಿಟ್ಟು ಬಂತು. ಅದಕ್ಕೇ ಉತ್ತರ ತಡವಾಯಿತು. ಸುತ್ತುಬಳಸದೆ ಹೇಳುತ್ತೇನೆ: ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಕತೆ ಅಡಗಿದೆ, ನೀವು ಅದನ್ನು ಒಂದೇ ವಾಕ್ಯದಲ್ಲಿ ದಾಟಿ ಹೋಗಿದ್ದೀರಿ. ಪತ್ರ ಉದ್ದವಾಗುತ್ತಿರುವುದು ಆ ವಾಕ್ಯಕ್ಕಾಗಿ.

ಈ ಉತ್ತರವನ್ನು ಬೇರೆಯವರೂ ಓದುವುದರಿಂದ ಕತೆಯ ಸಾರವನ್ನು ಹೇಳಿಬಿಡುತ್ತೇನೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಅಪಾರ್ಟ್‌ಮೆಂಟ್. ಲಿಂಗಸುಗೂರಿನಿಂದ ಬಂದ ಭೀಮಣ್ಣ ಅಲ್ಲಿ ರಾತ್ರಿ ಪಾಳಿಯ ಸೆಕ್ಯುರಿಟಿ. ರಾತ್ರಿ ಒಂದು ಗಂಟೆಗೆ ಸಿಸಿಟಿವಿ ಪರದೆಯಲ್ಲಿ ಒಬ್ಬ ಹುಡುಗ ಮೂರನೆಯ ಮಹಡಿಯ ಮನೆಯಿಂದ ಚಿನ್ನ ಕದ್ದು ಬರುವುದು ಕಾಣುತ್ತದೆ. ಭೀಮಣ್ಣ ಅವನನ್ನು ಹಿಡಿದು ಪಂಪ್ ರೂಮಿನಲ್ಲಿ ಕೂಡಿಹಾಕುತ್ತಾನೆ, ಲಾಠಿಯಲ್ಲಿ ನಾಲ್ಕು ಬಿಗಿದು ತಪ್ಪೊಪ್ಪಿಸುತ್ತಾನೆ, ಮರುದಿನ ಸಂಜೆ ಆರಕ್ಕೆ ಪೊಲೀಸರಿಗೆ ಒಪ್ಪಿಸುತ್ತಾನೆ. ನಾಲ್ಕು ತಿಂಗಳ ಬಳಿಕ ನ್ಯಾಯಾಲಯದಲ್ಲಿ ಪೆನ್‌ಡ್ರೈವ್ ಓಡುತ್ತದೆ, ನ್ಯಾಯಾಧೀಶರು ಸುತ್ತಿಗೆ ಕುಟ್ಟಿ ಶಿಕ್ಷೆ ಕೊಡುತ್ತಾರೆ, ನಿವಾಸಿಗಳ ಅಸೋಸಿಯೇಷನ್ ಭೀಮಣ್ಣನಿಗೆ ಶಾಲು ಹೊದಿಸುತ್ತದೆ.

ಮೊದಲು ಆ ಸುತ್ತಿಗೆಯನ್ನು ಕಿತ್ತುಹಾಕಿ. ನಾನು ವರ್ಷಗಟ್ಟಲೆ ಕೋರ್ಟು ವರದಿಗಳನ್ನು ತಿದ್ದಿದವನು. ನಮ್ಮ ನ್ಯಾಯಾಧೀಶರ ಮೇಜಿನ ಮೇಲೆ ಕಡತ, ಪೆನ್ನು, ನೀರಿನ ಲೋಟ ಇರುತ್ತವೆ, ಸುತ್ತಿಗೆ ಇರುವುದಿಲ್ಲ. ಭೀಮಣ್ಣನ ಹೆಗಲ ಮೇಲಿನ ಎರಡು ನಕ್ಷತ್ರಗಳೂ ಹೋಗಲಿ. ಖಾಕಿ ತೊಡಿಸಿ ಎರಡು ನಕ್ಷತ್ರ ಇಟ್ಟು ಅವನನ್ನು ಪಿಎಸ್‌ಐ ಮಾಡಿಬಿಟ್ಟಿದ್ದೀರಿ. ಪೊಲೀಸರ ಅಥವಾ ಸೇನೆಯ ಸಮವಸ್ತ್ರವನ್ನು ಹೋಲುವ ಉಡುಪನ್ನು ಖಾಸಗಿ ಕಾವಲುಗಾರ ತೊಟ್ಟರೆ, 2005ರ ಖಾಸಗಿ ಭದ್ರತಾ ಸಂಸ್ಥೆಗಳ (ನಿಯಂತ್ರಣ) ಕಾಯ್ದೆಯ 21ನೆಯ ಕಲಮಿನ ಪ್ರಕಾರ ಅವನಿಗೂ ಏಜೆನ್ಸಿಯ ಮಾಲೀಕನಿಗೂ ಒಂದು ವರ್ಷದವರೆಗೆ ಜೈಲಾಗಬಹುದು. ನಿಮ್ಮ ನಾಯಕ ಮೊದಲ ಪುಟದಲ್ಲೇ ಅಪರಾಧಿ, ನಿಮಗೆ ಅದು ಗೊತ್ತಿಲ್ಲ. ಗೊತ್ತಿದ್ದು ಬರೆದಿದ್ದರೆ ಅದು ಎಂಥ ಆರಂಭ!

ಪಂಪ್ ರೂಮಿಗೆ ಬರುತ್ತೇನೆ. ರಾತ್ರಿ ಒಂದರಿಂದ ಸಂಜೆ ಆರು ಎಂದರೆ ಹದಿನೇಳು ಗಂಟೆ. ಖಾಸಗಿ ಕಾವಲುಗಾರನಿಗೆ ಪೊಲೀಸ್ ಅಧಿಕಾರವೇನೂ ಇಲ್ಲ. ಬೀದಿಯಲ್ಲಿ ಹೋಗುವ ನನಗೂ ನಿಮಗೂ ಎಷ್ಟು ಅಧಿಕಾರವಿದೆಯೋ ಅವನಿಗೂ ಅಷ್ಟೇ. ತನ್ನ ಸಮ್ಮುಖದಲ್ಲಿ ಜಾಮೀನುರಹಿತ, ಸಂಜ್ಞೇಯ (ಎಂದರೆ ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ) ಅಪರಾಧ ಮಾಡಿದವನನ್ನು ಯಾರು ಬೇಕಾದರೂ ಹಿಡಿಯಬಹುದು, ಆದರೆ ಅನಗತ್ಯ ವಿಳಂಬ ಮಾಡದೆ ಪೊಲೀಸರಿಗೆ ಒಪ್ಪಿಸಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಗಂಟೆಯ ಲೆಕ್ಕ ಇರಲಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೆಯ ಕಲಮು ಆರು ಗಂಟೆಯ ಗಡುವು ಹಾಕಿದೆ. ಅದನ್ನು ಮೀರಿ ಬೀಗ ಹಾಕಿಟ್ಟರೆ ಅದು ಅಕ್ರಮ ಬಂಧನ, ಲಾಠಿ ಏಟು ಬೇರೆ. ಹೊಡೆದು ಹೇಳಿಸಿದ ತಪ್ಪೊಪ್ಪಿಗೆಗೆ ಕೋರ್ಟಿನಲ್ಲಿ ಮೂರು ಕಾಸಿನ ಬೆಲೆಯಿಲ್ಲ. ನಿಮ್ಮ ಕತೆ ನಿಜವಾಗಿ ನಡೆದಿದ್ದರೆ ಶಾಲಿನ ಬದಲು ಭೀಮಣ್ಣನಿಗೆ ಸಮನ್ಸ್ ಬರುತ್ತಿತ್ತು.

ಇಲ್ಲಿ ನೀವು ಕೈಬಿಟ್ಟ ಒಂದು ಸೂಕ್ಷ್ಮವಿದೆ. ಭೀಮಣ್ಣ ಕಳ್ಳತನವನ್ನು ಕಂಡದ್ದು ಪರದೆಯ ಮೇಲೆ, ನೆಲಮಹಡಿಯ ಕೋಣೆಯಲ್ಲಿ ಕುಳಿತು. ಹಾಗಾದರೆ ಅದು ಅವನ ‘ಸಮ್ಮುಖದಲ್ಲಿ’ ನಡೆಯಿತೇ? ಇಬ್ಬರು ವಕೀಲರು ಒಂದು ಇಡೀ ಮಧ್ಯಾಹ್ನ ಎಳೆದಾಡಬಹುದಾದ ಪ್ರಶ್ನೆ ಇದು. ಕತೆಗಾರನಿಗಂತೂ ಚಿನ್ನ. ನೋಡುವುದು ಎಂದರೆ ಎದುರಿಗಿರುವುದೇ ಎಂಬ ಪ್ರಶ್ನೆಯೇ ನಿಮ್ಮ ಶೀರ್ಷಿಕೆಯಲ್ಲಿಲ್ಲವೇ?

ಪೆನ್‌ಡ್ರೈವ್ ಪ್ರಸಂಗ ಇನ್ನೂ ದುರ್ಬಲ. ನಿಮ್ಮ ಅಪಾರ್ಟ್‌ಮೆಂಟಿನ ಡಿವಿಆರ್ (ಕ್ಯಾಮೆರಾ ದೃಶ್ಯಗಳನ್ನು ದಾಖಲಿಸುವ ಯಂತ್ರ) ನಾಲ್ಕು ತಿಂಗಳ ಹಿಂದಿನ ದೃಶ್ಯವನ್ನು ಸೆಕೆಂಡಿನ ಲೆಕ್ಕದಲ್ಲಿ ಉಗುಳುತ್ತದೆ. ನಿಜದ ಡಿವಿಆರ್, ಹಾರ್ಡ್ ಡಿಸ್ಕ್ ತುಂಬಿದಂತೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತ ಹೋಗುತ್ತದೆ. ಯಾರೂ ನಕಲು ತೆಗೆದಿಡದಿದ್ದರೆ ಕೆಲವು ವಾರಗಳಲ್ಲಿ ಆ ರಾತ್ರಿಯೇ ಅಳಿಸಿಹೋಗಿರುತ್ತದೆ. ಮಾಲ್, ಆಸ್ಪತ್ರೆ, ಕಾಲೇಜುಗಳಂಥ ಜನ ಸೇರುವ ಜಾಗಗಳಿಗೆ ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಕ್ಯಾಮೆರಾಗಳನ್ನು ಕಡ್ಡಾಯ ಮಾಡಿದಾಗಲೂ ದೃಶ್ಯಗಳನ್ನು ಇಟ್ಟುಕೊಳ್ಳಬೇಕೆಂದು ಹೇಳಿದ್ದು ಮೂವತ್ತು ದಿನಕ್ಕೆ ಮಾತ್ರ. ಅದಿರಲಿ, ಗಡಿಯಾರ? ನಮ್ಮ ಕಟ್ಟಡದ ಡಿವಿಆರ್ ಗಡಿಯಾರ ಹದಿನೇಳು ನಿಮಿಷ ಮುಂದಿದೆ. ಎರಡು ವರ್ಷಗಳಿಂದ ಹಾಗೇ ಇದೆ. ಪರದೆಯಲ್ಲಿ ಹದಿನಾರು ಚೌಕಗಳು, ಎಡಗಡೆಯ ಕೊನೆಯದು ಕಪ್ಪು, ಅದರ ನಡುವೆ ‘ವಿಡಿಯೊ ಲಾಸ್’ ಎಂಬ ಬಿಳಿ ಅಕ್ಷರ. ಜನರೇಟರ್ ಪಕ್ಕದ ಕ್ಯಾಮೆರಾದ ವೈರನ್ನು ಇಲಿ ಕಡಿದಿದೆಯಂತೆ. ಮಹಜರು ಬರೆಯುವ ಪೊಲೀಸರು ಡಿವಿಆರ್ ಸಮಯಕ್ಕೂ ನಿಜವಾದ ಸಮಯಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸಿಕೊಳ್ಳದಿದ್ದರೆ ಪಾಟೀಸವಾಲಿನಲ್ಲಿ ಆ ಹದಿನೇಳು ನಿಮಿಷವೇ ಸಾಕು, ಕೇಸು ಕುಸಿಯಲು.

ಆ ಕಪ್ಪು ಚೌಕವನ್ನೂ ಹಗುರವಾಗಿ ಕಾಣಬೇಡಿ. ವಾರಾಣಸಿಯ ಹೋಟೆಲೊಂದರ ಕೊಲೆ ಆರೋಪದ ಪ್ರಕರಣದಲ್ಲಿ ಇಟಲಿಯ ಇಬ್ಬರಿಗೆ ಶಿಕ್ಷೆಯಾಗಿತ್ತು. ಹೋಟೆಲಿನಲ್ಲಿ ಸಿಸಿಟಿವಿ ಇದ್ದೂ ಅದರ ದೃಶ್ಯಗಳನ್ನು ಪ್ರಾಸಿಕ್ಯೂಷನ್ ಹಾಜರುಪಡಿಸಲಿಲ್ಲ. 2015ರಲ್ಲಿ ಸುಪ್ರೀಂ ಕೋರ್ಟ್ ಆ ಲೋಪವನ್ನು ಎತ್ತಿ ತೋರಿಸಿ ಇಬ್ಬರನ್ನೂ ಬಿಟ್ಟಿತು. ಇರಬೇಕಾದ ದೃಶ್ಯ ಇಲ್ಲದಿರುವುದೂ ನ್ಯಾಯಾಲಯದಲ್ಲಿ ಮಾತಾಡುತ್ತದೆ.

ಇನ್ನು ಪೆನ್‌ಡ್ರೈವನ್ನು ಹಾಗೆಯೇ ಕೊಟ್ಟರೆ ಯಾರೂ ನೋಡುವುದಿಲ್ಲ, ದೃಶ್ಯ ಯಾವ ಯಂತ್ರದಿಂದ ಹೇಗೆ ನಕಲಾಯಿತೆಂಬ ಪ್ರಮಾಣಪತ್ರ ಬೇಕು. ಮೂಲ ಯಂತ್ರವನ್ನೇ ತಂದಿಡದೆ ನಕಲನ್ನು ಕೊಡುವುದಾದರೆ ಅದು ಕಡ್ಡಾಯವೆಂದು 2014ರಲ್ಲೂ ಮತ್ತೆ 2020ರಲ್ಲೂ ಸುಪ್ರೀಂ ಕೋರ್ಟ್ ಹೇಳಿದೆ. ಹೊಸ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಲ್ಲಿ ಆ ನಮೂನೆ ಎರಡು ಭಾಗವಾಗಿದೆ: ಒಂದನ್ನು ಸಾಕ್ಷ್ಯ ಕೊಡುವವರು ತುಂಬಬೇಕು, ಇನ್ನೊಂದನ್ನು ತಜ್ಞರು, ಕಡತದ ಹ್ಯಾಷ್ ಮೌಲ್ಯವನ್ನೂ (ಕಡತ ಬದಲಾಗಿಲ್ಲವೆಂದು ತೋರಿಸುವ ಬೆರಳಚ್ಚಿನಂಥ ಸಂಕೇತ) ಬರೆಯಬೇಕು. ಇದನ್ನೆಲ್ಲ ಕತೆಯಲ್ಲಿ ತುರುಕಬೇಡಿ, ದಯವಿಟ್ಟು. ‘ಸಹಿ ಯಾರು ಹಾಕುತ್ತಾರೆ?’ ಎಂದು ಅಸೋಸಿಯೇಷನ್ ಕಾರ್ಯದರ್ಶಿಗಳು ಖಜಾಂಚಿಯ ಮುಖ ನೋಡುವ, ಖಜಾಂಚಿ ಭೀಮಣ್ಣನ ಮುಖ ನೋಡುವ ಒಂದು ನಿಮಿಷ ಸಾಕು.

ಕ್ಯಾಮೆರಾದ ಮೇಲೆ ನಿಮಗಿರುವ ಭಕ್ತಿಯ ಬಗ್ಗೆ ಒಂದು ಮಾತು. ‘ಕ್ಯಾಮೆರಾ ಇದ್ದ ಕಡೆ ಕಳ್ಳನಿಗೆ ಉಳಿಗಾಲವಿಲ್ಲ’ ಎಂದು ನಿಮ್ಮ ಕಾರ್ಯದರ್ಶಿಗಳ ಬಾಯಲ್ಲಿ ಹೇಳಿಸಿದ್ದೀರಿ, ಕತೆಯೂ ಅದನ್ನೇ ನಂಬಿದೆ. 2013ರ ನವೆಂಬರ್ 19ರಂದು ಬೆಂಗಳೂರಿನ ನಟ್ಟನಡುವೆ ಒಂದು ಎಟಿಎಂನಲ್ಲಿ ಮಹಿಳೆಯೊಬ್ಬರ ಮೇಲೆ ಮಚ್ಚಿನಿಂದ ಹಲ್ಲೆಯಾಯಿತು. ಶಟರ್ ಎಳೆದದ್ದರಿಂದ ಹಿಡಿದು ಎಲ್ಲವನ್ನೂ ಕ್ಯಾಮೆರಾ ದಾಖಲಿಸಿತು, ಆ ದೃಶ್ಯವನ್ನು ದೇಶವೆಲ್ಲ ನೋಡಿತು. ಎಟಿಎಂ ಮುಂದೆ ಕಾವಲುಗಾರ ಇರಲಿಲ್ಲ. ದಾಳಿಕೋರ ಆಂಧ್ರದಲ್ಲಿ ಸಿಕ್ಕಿದ್ದು 2017ರಲ್ಲಿ. ಮುಖ ಕಂಡೂ ಮೂರು ವರ್ಷ ದಾಟಿತು.

ಈಗ ಒಂಬತ್ತನೆಯ ಪುಟ. ನಿಮ್ಮ ವಾಕ್ಯವನ್ನೇ ಕೊಡುತ್ತೇನೆ: ‘ಹಿಂದಿನ ವಾರ ಕಾರ್ಯದರ್ಶಿಗಳು ಕೇಳಿದ್ದರಿಂದ, 402ರ ಹುಡುಗಿ ರಾತ್ರಿ ಬರುವ ಲಿಫ್ಟ್ ದೃಶ್ಯವನ್ನು ಭೀಮಣ್ಣ ಮೊಬೈಲಿನಲ್ಲಿ ತೆಗೆದು ಕಳಿಸಿದ್ದ.’ ಅಷ್ಟೇ. ಮುಂದಿನ ವಾಕ್ಯದಲ್ಲಿ ಮತ್ತೆ ಕಳ್ಳ ಬರುತ್ತಾನೆ. ಆ ಹುಡುಗಿಗೆ ಹೆಸರಿಲ್ಲ, ಅವಳು ಮತ್ತೆ ಬರುವುದೂ ಇಲ್ಲ.

ಅಲ್ಲಿ ನಿಲ್ಲಬೇಕಿತ್ತು ನೀವು! ಇಂಥದೊಂದು ತುಣುಕು ನಾನಿರುವ ಕಟ್ಟಡದ ವಾಟ್ಸ್‌ಆ್ಯಪ್ ಗುಂಪಿಗೂ ಒಮ್ಮೆ ಬಂದಿತ್ತು. ಮಾನಿಟರ್ ಎದುರು ಮೊಬೈಲ್ ಹಿಡಿದು ತೆಗೆದದ್ದು, ಕೈ ಸ್ವಲ್ಪ ನಡುಗಿತ್ತು. ಲಿಫ್ಟಿನಲ್ಲಿ ಒಬ್ಬಳು ಹುಡುಗಿ ಬ್ಯಾಗನ್ನು ಎದೆಗೆ ಅವುಚಿಕೊಂಡು ತೂಕಡಿಸುತ್ತಿದ್ದಳು, ಪಕ್ಕದಲ್ಲಿ ಒಬ್ಬ ಹುಡುಗ. ಅದರಲ್ಲಿ ನೋಡುವಂಥದ್ದು ಬೇರೇನೂ ಇರಲಿಲ್ಲ. ಆದರೆ ಮಾನಿಟರಿನ ಗಾಜಿನ ಮೇಲೆ, ಹುಡುಗಿಯ ಭುಜದ ಹತ್ತಿರ, ಟ್ಯೂಬ್‌ಲೈಟಿನ ಬಿಳಿ ಗೆರೆಯೂ ಒಂದು ಟೋಪಿಯೂ ಪ್ರತಿಫಲಿಸಿದ್ದವು. ಚಿತ್ರ ತೆಗೆದವನ ಟೋಪಿ. ‘ಬ್ಯಾಚುಲರ್‌ಗಳಿಗೆ ಮನೆ ಕೊಟ್ಟರೆ ಹೀಗೇ’ ಎಂದು ಗುಂಪಿನಲ್ಲಿ ನಲವತ್ತು ಸಂದೇಶಗಳು ಬಂದವು. ಟೋಪಿಯನ್ನು ಯಾರೂ ಗಮನಿಸಲಿಲ್ಲ. ಹುಡುಗಿ ದೂರು ಕೊಡುತ್ತೇನೆಂದಾಗ ಮಾತ್ರ ಎಲ್ಲರಿಗೂ ಟೋಪಿ ಕಂಡಿತು. ಆ ವಾರವೇ ಏಜೆನ್ಸಿಗೆ ಫೋನು ಹೋಯಿತು: ‘ಹುಡುಗನನ್ನು ಬದಲಾಯಿಸಿ.’ ಆ ‘ಹುಡುಗ’ನಿಗೆ ಐವತ್ತೆರಡು ವರ್ಷ. ನಾನೂ ಆ ಗುಂಪಿನಲ್ಲಿದ್ದೆ, ಒಂದು ಸಾಲೂ ಬರೆಯಲಿಲ್ಲ. ನಿಮ್ಮ ವಾಕ್ಯ ಓದಿದಾಗ ಸಿಟ್ಟು ಬಂದದ್ದು ಅದಕ್ಕೂ ಇರಬೇಕು.

ಕಾನೂನು ಇಲ್ಲಿ ಹೇಗೆ ನಿಂತಿದೆ ನೋಡಿ. ಮರುಬರೆಯುವಾಗ ನೀವು ಎಲ್ಲಿಂದಲೋ ಹುಡುಕಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮನ್ನು ಯಾವುದಾದರೂ ವಕೀಲರ ಬಾಯಲ್ಲಿ ಗುಡುಗಿಸುವಿರಿ ಎಂಬ ಭಯ ನನಗಿದೆ. ಬೇಡ. ಅದು ದೇಹದ ಖಾಸಗಿ ಭಾಗಗಳ ಚಿತ್ರ ತೆಗೆಯುವುದರ ಬಗ್ಗೆ. ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮೂ ಮಹಿಳೆಯ ಖಾಸಗಿ ಕ್ರಿಯೆಯನ್ನು ಕದ್ದು ನೋಡುವುದರ, ಚಿತ್ರಿಸುವುದರ ಬಗ್ಗೆ. ಲಿಫ್ಟಿನಲ್ಲಿ ತೂಕಡಿಸುವುದು ಇವೆರಡಕ್ಕೂ ಸುಲಭವಾಗಿ ಒಗ್ಗುವುದಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ್ದು ನಿಜ, ಆದರೆ ಆ ಹಕ್ಕು ಮುಖ್ಯವಾಗಿ ಸರ್ಕಾರದ ಎದುರು ನಿಲ್ಲುವಂಥದ್ದು. ಅಸೋಸಿಯೇಷನ್ ಕಾರ್ಯದರ್ಶಿ ಸರ್ಕಾರವಲ್ಲ, ತಾನೇ ಸರ್ಕಾರವೆಂದು ಅವರು ನಂಬಿದ್ದರೂ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ. ಮುಖ್ಯ ಹೊಣೆಗಳು ಜಾರಿಯಾಗಲು ಹದಿನೆಂಟು ತಿಂಗಳ ಅವಕಾಶ. ಆದ್ದರಿಂದ ನಿಮ್ಮ ಕತೆ ಯಾವ ವರ್ಷ ನಡೆಯುತ್ತದೆ ಎಂಬುದನ್ನು ನೀವು ನಿರ್ಧರಿಸಲೇಬೇಕು.

ಹಾಗಾದರೆ ನೇರವಾಗಿ ಯಾರನ್ನು ಹಿಡಿಯುವ ಕಾನೂನಿದೆ? ಭೀಮಣ್ಣನನ್ನು. ಮೇಲೆ ಹೇಳಿದ 2005ರ ಕಾಯ್ದೆಯ 18ನೆಯ ಕಲಮಿನ ಪ್ರಕಾರ ಕಾವಲುಗಾರ ಕೆಲಸದಲ್ಲಿ ತಿಳಿದುಕೊಂಡ ಮಾಹಿತಿಯನ್ನು ತನ್ನ ಉದ್ಯೋಗದಾತನಿಗೆ, ಅಥವಾ ಉದ್ಯೋಗದಾತ ಹೇಳಿದವರಿಗೆ ಬಿಟ್ಟು ಬೇರೆ ಯಾರಿಗೂ ಹೊರಗೆಡಹುವಂತಿಲ್ಲ. ಪೊಲೀಸರ ತನಿಖೆಗೆ, ಕಾನೂನು ಕೇಳಿದಾಗ ಮಾತ್ರ ವಿನಾಯಿತಿ. ಉದ್ಯೋಗದಾತ ಯಾರು? ಸಂಬಳ ಕೊಡುವ ಏಜೆನ್ಸಿ. ಕಾರ್ಯದರ್ಶಿಗಳು ಏಜೆನ್ಸಿಯ ಗಿರಾಕಿ ಮಾತ್ರ. ಆದರೆ ರಾತ್ರಿ ಹನ್ನೊಂದಕ್ಕೆ ಲುಂಗಿಯುಟ್ಟು ಕೆಳಗಿಳಿದು ಬಂದು ‘ಸ್ವಲ್ಪ ತೋರಿಸಪ್ಪಾ’ ಎನ್ನುವವರು ಕಾರ್ಯದರ್ಶಿಗಳು. ಏಜೆನ್ಸಿಯ ಸಾಹೇಬರು ತಿಂಗಳಿಗೊಮ್ಮೆ ಬೈಕಿನಲ್ಲಿ ಬಂದು ರಿಜಿಸ್ಟರಿಗೆ ಸಹಿ ಹಾಕಿ ಹೋಗುತ್ತಾರೆ. ತೋರಿಸಿದರೆ 18ನೆಯ ಕಲಮು, ತೋರಿಸದಿದ್ದರೆ ‘ಹುಡುಗನನ್ನು ಬದಲಾಯಿಸಿ’. ಕೇಂದ್ರದ ಮಾದರಿ ನಿಯಮಗಳು ಗಾರ್ಡಿಗೆ ನೂರು ಗಂಟೆ ಪಾಠ, ಅರವತ್ತು ಗಂಟೆ ಮೈದಾನದ ತರಬೇತಿ ಬೇಕೆನ್ನುತ್ತವೆ. ಭೀಮಣ್ಣನಿಗೆ ಅದರಲ್ಲಿ ಎಷ್ಟು ಗಂಟೆ ಸಿಕ್ಕಿತ್ತು? ಯಾರಾದರೂ ಅವನಿಗೆ ಆ ಕಲಮನ್ನು ಕನ್ನಡದಲ್ಲಿ ಓದಿ ಹೇಳಿದ್ದರೇ? ನಿಮ್ಮ ಹದಿನಾಲ್ಕು ಪುಟಗಳಲ್ಲಿ ಈ ಪ್ರಶ್ನೆ ಒಮ್ಮೆಯೂ ಬರುವುದಿಲ್ಲ, ಏಕೆಂದರೆ ನೀವು ಭೀಮಣ್ಣನನ್ನು ಮೇಲಿನ ಮಹಡಿಯ ಬಾಲ್ಕನಿಯಿಂದ ನೋಡಿದ್ದೀರಿ. ಗೇಟಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಂದು ರಾತ್ರಿ ಕುಳಿತು ಬನ್ನಿ.

ಕಳ್ಳನನ್ನು ಬಿಟ್ಟುಬಿಡಿ. ಶಾಲು, ಚಿನ್ನ, ಕೋರ್ಟು ಎಲ್ಲವೂ ಹೋಗಲಿ. 402ರ ಹುಡುಗಿಗೆ ಒಂದು ಕೆಲಸ ಕೊಡಿ, ಒಂದು ಹೆಸರು ಕೊಡಿ, ಬೆಳಗ್ಗೆ ಗೇಟು ದಾಟುವಾಗ ಭೀಮಣ್ಣನಿಗೆ ‘ಊಟ ಆಯ್ತಾ ಅಣ್ಣಾ’ ಎನ್ನುವವಳನ್ನಾಗಿ ಮಾಡಿ. ಆಗ ಆ ವಿಡಿಯೊ ಕಳಿಸುವುದು ಎಷ್ಟು ಕಷ್ಟವೆಂದು ನಿಮಗೇ ಗೊತ್ತಾಗುತ್ತದೆ.

ಭಾಷೆಯ ವಿಷಯ ಚುಟುಕಾಗಿ. ನಿಮ್ಮ ನಿರೂಪಣೆಯ ಗದ್ಯ ಸ್ವಚ್ಛವಾಗಿದೆ, ರಾತ್ರಿ ಪಾಳಿಯ ನಿದ್ದೆಯನ್ನು ಬಣ್ಣಿಸಿದ ಎರಡನೆಯ ಪುಟ ತುಂಬ ಚೆನ್ನಾಗಿದೆ. ಆದರೆ ಲಿಂಗಸುಗೂರಿನವನು ಟಿವಿ ವಾರ್ತೆ ಓದುವವರ ಹಾಗೆ ಮಾತಾಡುತ್ತಾನೆ. ರಾಯಚೂರು ಸೀಮೆಯ ಮಾತು ನಿಮಗೆ ಬಾರದಿದ್ದರೆ ಅವನನ್ನು ಕಡಿಮೆ ಮಾತಾಡಿಸಿ, ಅಣಕವಂತೂ ಬೇಡ. ‘ಕಣ್ಗಾವಲು’ ಎಂಬ ಶೀರ್ಷಿಕೆ ಇರಲಿ.

ಮೂರು ತಿಂಗಳು ತೆಗೆದುಕೊಳ್ಳಿ, ಎಂಟು ಪುಟ ಮೀರದಿರಲಿ. ಹಸ್ತಪ್ರತಿಯನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ, ಒಂಬತ್ತನೆಯ ಪುಟದ ಅಂಚಿನಲ್ಲಿ ಪೆನ್ಸಿಲ್ ಗೆರೆ ಇದೆ. ಭೀಮಣ್ಣನ ಎಡಗಾಲಿನ ಬೂಟು ಮೂರನೆಯ ಪುಟದಲ್ಲಿ ಬಾಯಿ ಬಿಟ್ಟಿದೆ, ಹನ್ನೊಂದರಲ್ಲಿ ಹೊಸದಾಗಿ ಹೊಳೆಯುತ್ತಿದೆ. ಯಾರು ಕೊಡಿಸಿದರೆಂದು ತಿಳಿಸಿ.

ವಿಶ್ವಾಸದಿಂದ,
ಸಂಪಾದಕ