ರಾಕೆಟ್ ತಳ್ಳುವುದು ಯಾವುದನ್ನ?

ಹಾವೇರಿ ಜಿಲ್ಲೆಯ ಓದುಗರೊಬ್ಬರ ಪತ್ರ: “ಸಂಪಾದಕರೇ, ವಿಮಾನಕ್ಕೆ ಗಾಳಿ ಬೇಕು, ದೋಣಿಗೆ ನೀರು ಬೇಕು. ಬಾಹ್ಯಾಕಾಶದಲ್ಲಿ ಏನೂ ಇಲ್ಲ. ಹಾಗಿದ್ದ ಮೇಲೆ ರಾಕೆಟ್ ಯಾವುದನ್ನು ತಳ್ಳಿ ಮುಂದೆ ಹೋಗುತ್ತದೆ? ತಿರುಗುವುದು ಹೇಗೆ? ಇಂಧನ ಮುಗಿದರೆ ಅಲ್ಲೇ ನಿಂತುಬಿಡುತ್ತದಾ? ಪಿಯುಸಿ ಓದುವ ಮಗಳು ಕೇಳಿದಳು. ನ್ಯೂಟನ್‌ನ ಮೂರನೇ ನಿಯಮ ಅಂದೆ. ಅವಳಿಗೂ ಸಮಾಧಾನ ಆಗಲಿಲ್ಲ, ನನಗೂ ಆಗಲಿಲ್ಲ.”

ಪ್ರಿಯ ಓದುಗರೇ,

ನಿಮ್ಮ ಮಗಳು ಅಷ್ಟಕ್ಕೆ ಸುಮ್ಮನಾಗದೇ ಇದ್ದದ್ದು ಒಳ್ಳೆಯದಾಯಿತು. ನಿಯಮದ ಹೆಸರು ಹೇಳಿದರೆ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ. ಆದರೆ ಯಾವುದು ಯಾವುದನ್ನು, ಎಲ್ಲಿ ತಳ್ಳಿತು ಅನ್ನುವುದು ಕಣ್ಣಿಗೆ ಕಟ್ಟುವುದಿಲ್ಲ. ಬಾಯಿ ಬಿಟ್ಟ ಬಲೂನು ಹಾರುವುದನ್ನು ತೋರಿಸಿದರೂ ಸಂಶಯ ಹೋಗುವುದಿಲ್ಲ. ಬಲೂನಿನ ಸುತ್ತ ಗಾಳಿ ಇದ್ದೇ ಇದೆ, ಅಲ್ವಾ? ಅದಕ್ಕೇ ಎಂಜಿನ್‌ನ ಒಳಗೇ ಹೋಗಿ ನೋಡೋಣ.

ಮಂಗಳ ಗ್ರಹಕ್ಕೆ ಹೋದ ಇಸ್ರೋದ ಮಂಗಳಯಾನ ನೌಕೆಯಲ್ಲಿ 440 ನ್ಯೂಟನ್ ಬಲದ ಒಂದು ಪುಟ್ಟ ಎಂಜಿನ್ ಇತ್ತು. ಭೂಮಿಯ ಮೇಲೆ ಸುಮಾರು 45 ಕೆ.ಜಿ. ಎತ್ತಿ ಹಿಡಿಯುವಷ್ಟು ಬಲ, ಅಷ್ಟೇ. ಅದರ ಇಂಧನ ಒಂದು ಟ್ಯಾಂಕಿನಲ್ಲಿ, ಆ ಇಂಧನವನ್ನು ಉರಿಸಲು ಬೇಕಾದ ಆಕ್ಸಿಡೈಸರ್ ಇನ್ನೊಂದರಲ್ಲಿ. ಉರಿಯುವುದಕ್ಕೂ ಅದಕ್ಕೆ ಹೊರಗಿನ ಗಾಳಿ ಬೇಡ. ಎರಡೂ ದ್ರವ ಒಂದನ್ನೊಂದು ಮುಟ್ಟಿದರೆ ಸಾಕು, ಕಿಡಿಯೂ ಇಲ್ಲದೆ ಹೊತ್ತಿಕೊಳ್ಳುತ್ತವೆ.

ಹೊತ್ತಿಕೊಂಡಾಗ ಎಂಜಿನ್‌ನೊಳಗೆ ಅವು ಉರಿಯುವ ಸಣ್ಣ ಕೋಣೆಯ ತುಂಬ ಬಿಸಿ ಅನಿಲ. ಅದು ಎಲ್ಲ ಗೋಡೆಗಳನ್ನೂ ಒತ್ತುತ್ತದೆ. ಎಡಗೋಡೆಯ ಮೇಲಿನ ಒತ್ತು ಬಲಗೋಡೆಯ ಮೇಲಿನ ಒತ್ತಿಗೆ ಸರಿಹೋಯಿತು. ಮುಂದಿನ ಗೋಡೆಯ ಮೇಲೂ ಒತ್ತು ಬೀಳುತ್ತಿದೆ. ಅದಕ್ಕೆ ಎದುರಾಗಿ, ಹಿಂದೆ ಏನಿದೆ? ತೂತು! ಅನಿಲ ಒತ್ತುವುದಕ್ಕೆ ಅಲ್ಲಿ ಗೋಡೆಯೇ ಇಲ್ಲ. ಹಾಗಾಗಿ ಮುಂದಿನ ಗೋಡೆಯ ಮೇಲಿನ ಒತ್ತಿಗೆ ಸರಿಸಾಟಿಯಾದ ಒತ್ತು ಹಿಂದೆ ಸಿಗುವುದಿಲ್ಲ. ಮಿಕ್ಕ ಆ ಒತ್ತೇ ಎಂಜಿನ್ನನ್ನೂ, ಅದಕ್ಕೆ ಅಂಟಿಕೊಂಡ ನೌಕೆಯನ್ನೂ ಮುಂದಕ್ಕೆ ತಳ್ಳುವುದು. ಆ ತೂತಿನ ಆಚೆ ಗಂಟೆಯ ಹಾಗೆ ಅಗಲವಾಗುವ ಕೊಳವೆಯೇ ನಾಜಲ್. ಅದರ ಓರೆಗೋಡೆಯನ್ನೂ ಅನಿಲ ಒತ್ತುತ್ತಾ ಹೋಗುತ್ತದೆ, ಅದರಿಂದಲೂ ಒಂದಿಷ್ಟು ಬಲ ಸಿಗುತ್ತದೆ. ಅನಿಲ ನಾಜಲ್‌ನ ಬಾಯಿ ದಾಟುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಆಮೇಲೆ ಅದಕ್ಕೆ ಏನಾದರೂ ಬಡಿಯಲಿ, ಬಡಿಯದೇ ಇರಲಿ, ರಾಕೆಟ್ಟಿಗೆ ಸಂಬಂಧವಿಲ್ಲ.

ಲೆಕ್ಕವೂ ಸರಳ. ಸೆಕೆಂಡಿಗೆ ಸುಮಾರು 140 ಗ್ರಾಂ ಅನಿಲ, ಸೆಕೆಂಡಿಗೆ 3 ಕಿ.ಮೀ.ಗೂ ಜಾಸ್ತಿ ವೇಗದಲ್ಲಿ ಹೊರಗೆ. ಗುಣಿಸಿದರೆ ಆ 440ರ ಆಸುಪಾಸು ಬರುತ್ತದೆ. ಮಗಳಿಂದಲೇ ಮಾಡಿಸಿ ನೋಡಿ.

ನಿಮ್ಮ ಸಂಶಯ ಹಳೆಯದು. ಅಮೆರಿಕದ ರಾಕೆಟ್ ವಿಜ್ಞಾನಿ ರಾಬರ್ಟ್ ಗೊಡ್ಡಾರ್ಡ್ ರಾಕೆಟ್ಟನ್ನು ಚಂದ್ರನವರೆಗೂ ಕಳಿಸಬಹುದು ಅಂದಾಗ, 1920ರ ಜನವರಿ 13ರಂದು ನ್ಯೂಯಾರ್ಕ್ ಟೈಮ್ಸ್ ಸಂಪಾದಕೀಯ ಪುಟದಲ್ಲೇ ಅವರನ್ನು ಹಂಗಿಸಿತು. ಒತ್ತಲು ಏನೂ ಇಲ್ಲದ ಕಡೆ ರಾಕೆಟ್ ಓಡದು, ಇವರಿಗೆ ಹೈಸ್ಕೂಲಿನ ಪಾಠವೂ ಗೊತ್ತಿಲ್ಲ ಎಂಬ ಧಾಟಿ. ಅಷ್ಟರಲ್ಲಾಗಲೇ ಗೊಡ್ಡಾರ್ಡ್ ಗಾಳಿ ತೆಗೆದ ಕೊಳವೆಯೊಳಗೆ ಸಣ್ಣ ರಾಕೆಟ್ ಸಿಡಿಸಿ ಅಳತೆ ಮಾಡಿದ್ದರು. ಬಲ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ಪತ್ರಿಕೆ ತಪ್ಪೊಪ್ಪಿಕೊಂಡದ್ದು 1969ರ ಜುಲೈ 17ರಂದು, ಅಪೊಲೊ 11 ಚಂದ್ರನತ್ತ ಹೊರಟ ಮಾರನೇ ದಿನ. ಗೊಡ್ಡಾರ್ಡ್ 1945ರಲ್ಲೇ ತೀರಿಕೊಂಡಿದ್ದರು. ನನ್ನಂಥ ಸಂಪಾದಕರು ಮರೆಯಬಾರದ ಕಥೆ ಇದು.

ಬಲ ಹೆಚ್ಚಾದದ್ದು ಯಾಕೆ? ಗಾಳಿ ಇದ್ದರೆ ಅದು ನಾಜಲ್‌ನ ಬಾಯಿಗೆ ಎದುರಾಗಿ ಒತ್ತುತ್ತದೆ. ಅಂದರೆ ಗಾಳಿ ಇಲ್ಲಿ ಅಡ್ಡಿ. ಬಾಹ್ಯಾಕಾಶಕ್ಕೆಂದೇ ಮಾಡಿದ ಎಂಜಿನ್‌ಗಳ ನಾಜಲ್ ತುಂಬ ಅಗಲ. ಇಸ್ರೋದ ಸಿಇ-20 ಕ್ರಯೋಜೆನಿಕ್ (ಅತಿ ತಣ್ಣಗಿನ ದ್ರವ ಇಂಧನದ) ಎಂಜಿನ್ ಅಂಥದ್ದೇ. ತಮಿಳುನಾಡಿನ ಮಹೇಂದ್ರಗಿರಿಯಲ್ಲಿ ಅದನ್ನು ನೆಲದ ಮೇಲೆ ಉರಿಸಿ ನೋಡುವಾಗ ಕಾಡುವುದು ಈ ಗಾಳಿಯೇ. ಹೊರಗಿನ ಒತ್ತಡಕ್ಕೆ ಅನಿಲ ನಾಜಲ್‌ನ ಗೋಡೆ ಬಿಟ್ಟು ಸರಿದು, ಇಡೀ ನಾಜಲ್ ಅದುರುತ್ತದೆ.

ಇನ್ನು ತಿರುಗುವುದು. ಇಲ್ಲಿ ನಮ್ಮ ರಸ್ತೆಯ ಅನುಭವ ಕೈಕೊಡುತ್ತದೆ. ನೌಕೆ ಮುಖ ತಿರುಗಿಸುವುದೇ ಬೇರೆ, ದಾರಿ ಬದಲಿಸುವುದೇ ಬೇರೆ. ಮುಖ ತಿರುಗಿಸಲು ಮೈಮೇಲಿನ ಥ್ರಸ್ಟರ್‌ಗಳನ್ನು, ಅಂದರೆ ಪುಟಾಣಿ ಎಂಜಿನ್‌ಗಳನ್ನು, ಒಂದು ಕ್ಷಣ ಉರಿಸುತ್ತಾರೆ. ನೌಕೆ ತಿರುಗಲು ಶುರುವಾದರೆ ತಡೆಯುವ ಗಾಳಿ ಇಲ್ಲ, ತಿರುಗುತ್ತಲೇ ಇರುತ್ತದೆ. ನಿಲ್ಲಿಸಬೇಕಾದರೆ ಎದುರು ದಿಕ್ಕಿನಲ್ಲಿ ಅಷ್ಟೇ ಉರಿಸಬೇಕು. ಇಂಧನವಿಲ್ಲದ ಇನ್ನೊಂದು ಉಪಾಯವೂ ಇದೆ, ರಿಯಾಕ್ಷನ್ ವ್ಹೀಲ್. ಒಳಗಿನ ಚಕ್ರವನ್ನು ಮೋಟಾರಿನಿಂದ ಒಂದು ಕಡೆ ತಿರುಗಿಸಿದರೆ ನೌಕೆ ಇನ್ನೊಂದು ಕಡೆ ನಿಧಾನವಾಗಿ ತಿರುಗುತ್ತದೆ. ಮಂಗಳಯಾನದಲ್ಲಿ ಇಂಥ 4 ಚಕ್ರಗಳಿದ್ದವು. ಆದರೆ ನೌಕೆ ಎತ್ತ ಮುಖ ಮಾಡಿದರೂ ಸಾಗುವ ದಾರಿ ಮೊದಲಿನದೇ. ದಾರಿ ಬದಲಾಗಬೇಕಾದರೆ ಸರಿಯಾದ ಕಡೆಗೆ ಮುಖ ಮಾಡಿ ಎಂಜಿನ್ ಹಚ್ಚಲೇಬೇಕು.

ಮಂಗಳಯಾನ ಮಂಗಳನ ಕಕ್ಷೆ ಸೇರಿದ 2014ರ ಸೆಪ್ಟೆಂಬರ್ 24ರ ಬೆಳಗ್ಗೆ ಆದದ್ದು ಇದೇ. ಭೂಮಿಯ ಕಕ್ಷೆ ಬಿಟ್ಟ ಮೇಲೆ ಸುಮಾರು 300 ದಿನ ಆ 440 ನ್ಯೂಟನ್ ಎಂಜಿನ್ ಆರಿಯೇ ಇತ್ತು, ಎರಡು ದಿನ ಮುಂಚಿನ 4 ಸೆಕೆಂಡಿನ ಪರೀಕ್ಷೆ ಬಿಟ್ಟರೆ. ಅಲ್ಲಿಯವರೆಗೂ ನೌಕೆ ನಿಲ್ಲದೆ ಸಾಗುತ್ತಲೇ ಇತ್ತು. ಮಂಗಳನ ಹತ್ತಿರ ಬಂದಾಗ ಅದನ್ನು ತಿರುಗಿಸಿ, ಎಂಜಿನ್‌ನ ಬಾಯಿಯನ್ನು ಹೋಗುತ್ತಿರುವ ದಿಕ್ಕಿಗೇ ಹಿಡಿದರು. ಬ್ರೇಕ್ ಹಾಕಲು ಬೇರೆ ದಾರಿಯೇ ಇಲ್ಲ. ಜೊತೆಗೆ 8 ಸಣ್ಣ ಥ್ರಸ್ಟರ್‌ಗಳೂ ಉರಿದವು. 23 ನಿಮಿಷಕ್ಕೂ ಜಾಸ್ತಿ ಉರಿದು, ಸುಮಾರು 250 ಕೆ.ಜಿ. ಇಂಧನ ಖರ್ಚಾಗಿ, ವೇಗ ಸೆಕೆಂಡಿಗೆ 1.1 ಕಿ.ಮೀ.ನಷ್ಟು ತಗ್ಗಿತು. ಅಷ್ಟು ತಗ್ಗದಿದ್ದರೆ ಮಂಗಳನನ್ನು ದಾಟಿ ಹೋಗಿಬಿಡುತ್ತಿತ್ತು. ಸಂಕೇತ ಭೂಮಿ ಮುಟ್ಟಲು 12 ನಿಮಿಷಕ್ಕೂ ಜಾಸ್ತಿ ಹಿಡಿಯುತ್ತಿದ್ದುದರಿಂದ ನೌಕೆಯ ಕಂಪ್ಯೂಟರೇ ಎಲ್ಲವನ್ನೂ ಮಾಡಿತು. ಬೆಂಗಳೂರಿನ ಕೇಂದ್ರದಲ್ಲಿದ್ದವರು ಮಾಡಬಹುದಾಗಿದ್ದುದು ಕಾಯುವುದು ಮಾತ್ರ.

ಕೊನೆಯ ಪ್ರಶ್ನೆ. ಇಂಧನ ಮುಗಿದರೆ ನೌಕೆ ನಿಲ್ಲುವುದೂ ಇಲ್ಲ, ಥಟ್ಟನೆ ಬೀಳುವುದೂ ಇಲ್ಲ. ಕಕ್ಷೆಯಲ್ಲಿ ಸುತ್ತುತ್ತಿರಲು ಇಂಧನ ಬೇಡ. ಹೋಗುವುದು ಹಿಡಿತ. ಹೊರಗಿನ ಸಣ್ಣ ಸಣ್ಣ ಬಲಗಳಿಂದ ರಿಯಾಕ್ಷನ್ ವ್ಹೀಲ್‌ಗಳ ವೇಗ ಏರುತ್ತಾ ಏರುತ್ತಾ ಮಿತಿ ಮುಟ್ಟುತ್ತದೆ. ಅದನ್ನು ಇಳಿಸಬೇಕಾದರೆ ಮತ್ತೆ ಥ್ರಸ್ಟರ್ ಉರಿಸಬೇಕು. ಅದಕ್ಕೆ ಇಂಧನ ಇಲ್ಲದಿದ್ದರೆ ಸೌರಫಲಕವನ್ನು ಸೂರ್ಯನ ಕಡೆಗೆ, ಆಂಟೆನಾವನ್ನು ಭೂಮಿಯ ಕಡೆಗೆ ಹಿಡಿದಿಡಲು ಆಗುವುದಿಲ್ಲ. ಮಂಗಳಯಾನದ ಸಂಪರ್ಕ 2022ರಲ್ಲಿ ಕಡಿದುಹೋದಾಗ ಇಸ್ರೋ ಹೇಳಿದ ಕಾರಣವೂ ಹೆಚ್ಚುಕಮ್ಮಿ ಇದೇ: ಇಂಧನ ಮುಗಿದಿರಬೇಕು, ವಿದ್ಯುತ್ ಸಿಗುವಂತೆ ಮುಖ ಹಿಡಿಯಲು ನೌಕೆಗೆ ಆಗಿಲ್ಲ.