ಜುಲೈ ಬಂದರೆ ಟ್ಯಾಕ್ಸ್ ಟೆನ್ಷನ್: ಆರಾಮಾಗಿ ರಿಟರ್ನ್ ಫೈಲ್ ಮಾಡೋದು ಹೇಗೆ?

ನೀವು ಕೇಳಿರೋದು ಇಷ್ಟು: ಊರು ಮದ್ದೂರು ಕಡೆ, ಕೆಲಸ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಸೇರಿ ಎರಡು ವರ್ಷ. ಹೋದ ಸಲ ಕೊನೇ ದಿನ ರಾತ್ರಿ ಹನ್ನೊಂದಕ್ಕೆ ರಿಟರ್ನ್ (ವರ್ಷದ ಆದಾಯ, ತೆರಿಗೆಯ ಲೆಕ್ಕ) ಹಾಕೋದಕ್ಕೆ ಕೂತು ಬೆವರಿದ್ದೀರಿ. ಈ ಸಲ ಆ ಪಾಡು ಬೇಡ, ಏನು ಮಾಡಲಿ ಅಂತ.

ನಾನೂ ಮಂಡ್ಯದ ಕಡೆಯವನೇ. ಕುವೆಂಪುನಗರದಲ್ಲಿ ಬಾಡಿಗೆಗಿದ್ದೇನೆ. ಸಿಎ ಅಲ್ಲ, ನಿಮ್ಮ ಹಾಗೇ ಸಂಬಳದವನು. ಕೂಡಿ ಕಳೆಯೋ ಕೆಲಸವನ್ನೆಲ್ಲ ಈಗ ಆದಾಯ ತೆರಿಗೆ ಇಲಾಖೆಯ ವೆಬ್‌ಸೈಟು, ಅಂದರೆ ಪೋರ್ಟಲ್ಲೇ ಮಾಡಿಕೊಳ್ಳುತ್ತದೆ, ಅದಕ್ಕೆ ಹೆದರಬೇಕಿಲ್ಲ. ನಮ್ಮ ದುಡ್ಡಿನ ಬಗ್ಗೆ ನಮಗಿಂತ ಜಾಸ್ತಿ ಇಲಾಖೆಗೆ ಗೊತ್ತಿರುತ್ತದಲ್ಲ, ಫಜೀತಿ ಆಗೋದು ಅಲ್ಲಿ. ನನಗೆ ಆಗಿದ್ದನ್ನೇ ಹೇಳುತ್ತೇನೆ.

ಮೊದಲೆಲ್ಲ ನಾನು ಫೈಲ್ ಮಾಡಿಕೊಡುವವರೊಬ್ಬರಿಗೆ ಫಾರ್ಮ್ 16 (ಸಂಬಳ ಎಷ್ಟು, ಅದರಲ್ಲಿ ತೆರಿಗೆ ಎಷ್ಟು ಹಿಡಿದರು ಅಂತ ಕಂಪನಿ ಕೊಡೋ ಸರ್ಟಿಫಿಕೇಟ್) ಕಳಿಸಿ, ಐನೂರು ರೂಪಾಯಿ ಹಾಕಿ ಕೈತೊಳೆದುಕೊಳ್ಳುತ್ತಿದ್ದೆ. ವಾಟ್ಸಾಪ್‌ನಲ್ಲಿ 'ಆಯ್ತು ಸರ್' ಅಂತ ಬಂದರೆ ಮುಗಿಯಿತು. 2021ರ ಮಾರ್ಚ್‌ನಲ್ಲಿ ಅಮ್ಮ ಕಬ್ಬಿನ ದುಡ್ಡು, ಕೂಡಿಟ್ಟಿದ್ದು ಎಲ್ಲ ಸೇರಿಸಿ ಆರು ಲಕ್ಷ ಎಫ್‌ಡಿ ಇಟ್ಟರು. ಬ್ಯಾಂಕಿನಲ್ಲಿ ನನ್ನ ಹೆಸರು ಮೊದಲು, ಅವರದು ಎರಡನೆಯದು. ಪ್ಯಾನ್ ನನ್ನದೇ. ಮುಂದಿನ ಒಂದು ವರ್ಷಕ್ಕೆ ಬಡ್ಡಿ ಸುಮಾರು 31,000 ಬಂತು. ಬಡ್ಡಿ 40,000 ದಾಟದಿದ್ದರೆ ಆಗ ಬ್ಯಾಂಕಿನವರು ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳೋ ತೆರಿಗೆ) ಹಿಡಿಯುತ್ತಿರಲಿಲ್ಲ (2025ರ ಏಪ್ರಿಲ್‌ನಿಂದ ಈ ಮಿತಿ 50,000 ಆಗಿದೆ). ಹಿಡಿಯಲಿಲ್ಲ ಅಂದಮೇಲೆ ತೆರಿಗೆಯೂ ಇಲ್ಲ ಅಂದುಕೊಂಡೆ. ಶುದ್ಧ ತಪ್ಪು. ಬಡ್ಡಿ ಒಂದು ರೂಪಾಯಿ ಬಂದರೂ ಆದಾಯದಲ್ಲಿ ತೋರಿಸಲೇಬೇಕು.

2023ರ ಜೂನ್‌ನಲ್ಲಿ ಒಂದು ಭಾನುವಾರ, ಈ ಸಲ ನಾನೇ ಮಾಡೋಣ ಅಂತ ಕೂತೆ. ಪಾಸ್‌ವರ್ಡ್ ನನ್ನ ಹತ್ತಿರ ಇರಲೇ ಇಲ್ಲ. ಆಧಾರ್ ಒಟಿಪಿ ಹಾಕಿ ಒಳಗೆ ಹೋದೆ. ಪ್ರೊಫೈಲ್ ತೆಗೆದರೆ ಮೊಬೈಲ್ ನಂಬರೂ ನನ್ನದಲ್ಲ, ಮೇಲ್ ಐಡಿಯೂ ನನ್ನದಲ್ಲ! ಎರಡೂ ಆ ಫೈಲ್ ಮಾಡಿಕೊಡುವವರದು. ಬಡ್ಡಿ ತಾಳೆಯಾಗುತ್ತಿಲ್ಲ, ನೋಡಿ ಅಂತ ಇಲಾಖೆ ಕಳಿಸಿದ್ದ ಮೆಸೇಜು ಅವರಿಗೆ ಹೋಗಿ ಅಲ್ಲೇ ಮಲಗಿತ್ತು. ಅವರ ಫೋನಿಗೆ ಅಂಥವು ದಿನಕ್ಕೆಷ್ಟು ಬರುತ್ತವೋ, ಪಾಪ. ಕೊನೆಗೆ ಅಪ್‌ಡೇಟೆಡ್ ರಿಟರ್ನ್ (ಬಿಟ್ಟುಹೋದ ಆದಾಯವನ್ನು ಗಡುವು ಮುಗಿದ ಮೇಲೆ ತೋರಿಸೋದು) ಹಾಕಿದೆ. ಅದರಲ್ಲಿ ತೆರಿಗೆಯ ಮೇಲೆ ಇನ್ನೂ ಶೇ 25 ಕಟ್ಟಬೇಕಾಯಿತು. ಆರೂವರೆ ಸಾವಿರದ ಹತ್ತಿರ ಇದ್ದದ್ದು ಎಂಟು ಸಾವಿರ ದಾಟಿತು.

ಅಮ್ಮನಿಗೆ ಹೇಳಿದರೆ, 'ಕಬ್ಬಿನ ದುಡ್ಗೆ ಯಾವ ಟ್ಯಾಕ್ಸೋ ಮಗ?' ಅಂದರು. ಕಬ್ಬಿನ ದುಡ್ಡಿಗೆ ಇಲ್ಲ, ಆ ದುಡ್ಡು ಮರಿ ಹಾಕಿದ್ದಕ್ಕೆ ಇದೆ ಅಂತ ತಿಳಿಸಿ ಹೇಳೋದಕ್ಕೆ ಅರ್ಧ ಗಂಟೆ ಹಿಡಿಯಿತು.

ಅದಕ್ಕೇ ಹೇಳೋದು, ಮೊದಲು ಪೋರ್ಟಲ್‌ಗೆ ಹೋಗಿ ಪ್ರೊಫೈಲ್‌ನಲ್ಲಿ ನಂಬರ್, ಮೇಲ್ ನಿಮ್ಮದೇನಾ ನೋಡಿ. ಬೇರೆಯವರ ಕೈಲಿ ಮಾಡಿಸಿದರೂ ಅವೆರಡು ನಿಮ್ಮದೇ ಇರಲಿ. ಆಮೇಲೆ ಎಐಎಸ್ ಇಳಿಸಿಕೊಳ್ಳಿ. 2021ರ ನವೆಂಬರ್‌ನಲ್ಲಿ ಶುರುವಾದ ವಾರ್ಷಿಕ ಮಾಹಿತಿ ಪಟ್ಟಿ ಅದು. ಉಳಿತಾಯ ಖಾತೆ ಬಡ್ಡಿ, ಎಫ್‌ಡಿ ಬಡ್ಡಿ, ಡಿವಿಡೆಂಡ್, ಮಾರಿದ ಮ್ಯೂಚುವಲ್ ಫಂಡ್, ಎಲ್ಲ ಅಲ್ಲಿ ಸಾಲಾಗಿ ಕೂತಿರುತ್ತವೆ. ನಿಮ್ಮದಲ್ಲದ್ದು ಕಂಡರೆ ಅಲ್ಲೇ ಫೀಡ್‌ಬ್ಯಾಕ್ ಕೊಡಬಹುದು. ಒಂದು ಹಾಳೆಯಲ್ಲಿ ಫಾರ್ಮ್ 16, ಎಐಎಸ್, ಬ್ಯಾಂಕ್ ಸ್ಟೇಟ್‌ಮೆಂಟ್ ಮೂರರ ಅಂಕಿಯನ್ನೂ ಅಕ್ಕಪಕ್ಕ ಬರೆಯಿರಿ. ಅವು ತಾಳೆಯಾದರೆ ಮುಕ್ಕಾಲು ಕೆಲಸ ಆದ ಹಾಗೆ.

ಯಾವಾಗ ಮಾಡೋದು? ಏಪ್ರಿಲ್‌ನಲ್ಲೇ ಮುಗಿಸ್ತೀನಿ ಅಂತ ಹೋಗಬೇಡಿ. ಕಂಪನಿಯವರು, ಬ್ಯಾಂಕಿನವರು ಕೊನೇ ಮೂರು ತಿಂಗಳ ಟಿಡಿಎಸ್ ವಿವರ ಸಲ್ಲಿಸೋದಕ್ಕೆ ಮೇ 31ರವರೆಗೆ ಟೈಮ್ ಇರುತ್ತದೆ. ಫಾರ್ಮ್ 16 ಕೊಡೋದಕ್ಕೆ ಜೂನ್ 15ರವರೆಗೆ. ಅದಕ್ಕೆ ಮೊದಲು ನೋಡಿದರೆ ಪಟ್ಟಿ ಅರ್ಧಂಬರ್ಧ. ಜೂನ್ ಕೊನೆ, ಜುಲೈ ಮೊದಲ ವಾರ ಸರಿಯಾದ ಹೊತ್ತು. ಸಂಬಳದವರಿಗೆ ಕೊನೇ ದಿನ ಸಾಮಾನ್ಯವಾಗಿ ಜುಲೈ 31. ಕೆಲವು ವರ್ಷ ಮುಂದೆ ಹಾಕುತ್ತಾರೆ ನಿಜ, ಅದನ್ನು ನಂಬಿ ಕೂರಬೇಡಿ. ತಪ್ಪಿದರೆ 5,000 ದಂಡ, ಆದಾಯ 5 ಲಕ್ಷದೊಳಗಿದ್ದರೆ 1,000. ಅದಕ್ಕಿಂತ ದೊಡ್ಡ ಪೆಟ್ಟು ಅಂದರೆ, ತಡವಾದ ರಿಟರ್ನ್‌ನಲ್ಲಿ ಹಳೇ ತೆರಿಗೆ ಪದ್ಧತಿ (ಎಲ್‌ಐಸಿ, ಮನೆ ಬಾಡಿಗೆಗೆಲ್ಲ ವಿನಾಯಿತಿ ಇರೋದು) ಆರಿಸಿಕೊಳ್ಳೋ ಹಾಗಿಲ್ಲ.

ಹಳೇದಾ ಹೊಸದಾ ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಪೋರ್ಟಲ್‌ನಲ್ಲೇ ಕ್ಯಾಲ್ಕ್ಯುಲೇಟರ್ ಇದೆ, ಎರಡರಲ್ಲೂ ಹಾಕಿ ನೋಡಿ, ಕಡಿಮೆ ಬಂದದ್ದನ್ನು ಇಟ್ಟುಕೊಳ್ಳಿ. 2025-26ರ ಹಣಕಾಸು ವರ್ಷದಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಸೊನ್ನೆ. ಸಂಬಳದವರಿಗೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದಿಂದ ನೇರವಾಗಿ ಕಳೆಯೋ ಮೊತ್ತ) ಸೇರಿ 12.75 ಲಕ್ಷ. 'ತೆರಿಗೆ ಇಲ್ಲ, ಫೈಲ್ ಯಾಕೆ?' ಅಂತ ನಮ್ಮ ಆಫೀಸಿನಲ್ಲೇ ಮೂರು ಜನ ವಾದ ಮಾಡಿದರು. ಹೊಸ ಪದ್ಧತಿಯಲ್ಲಿ ಆದಾಯ 4 ಲಕ್ಷ ದಾಟಿದರೆ ಫೈಲ್ ಮಾಡಲೇಬೇಕು ಸ್ವಾಮಿ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಜಮೀನು ನಿಮ್ಮ ಹೆಸರಲ್ಲೇ ಇದ್ದು, ಕಬ್ಬು ಭತ್ತದ ಆದಾಯ ವರ್ಷಕ್ಕೆ 5,000 ದಾಟಿದರೆ ರಿಟರ್ನ್‌ನ ಸರಳ ಫಾರ್ಮ್ ಐಟಿಆರ್-1 ನಡೆಯಲ್ಲ, ಐಟಿಆರ್-2 ಹಾಕಬೇಕು. ಬೇಸಾಯದ ಆದಾಯಕ್ಕೆ ನೇರವಾಗಿ ತೆರಿಗೆ ಇಲ್ಲದಿದ್ದರೂ ತೋರಿಸಬೇಕು. ಹಸು ಸಾಕಿ ಡೇರಿಗೆ ಹಾಲು ಹಾಕ್ತೀರಾ? ಆ ದುಡ್ಡು ಬೇಸಾಯದ ಆದಾಯಕ್ಕೆ ಸೇರಲ್ಲ. ಇದನ್ನು ಕೇಳಿ ನಮ್ಮ ಚಿಕ್ಕಪ್ಪ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಕಾಗದಪತ್ರ ಇಡೋದಕ್ಕೆ ದೊಡ್ಡ ವ್ಯವಸ್ಥೆ ಏನೂ ಬೇಡ. ನಮ್ಮ ಮನೆಯಲ್ಲಿ ಹೆಂಡತಿಯ ಮದುವೆ ಸೀರೆ ಬಂದಿದ್ದ ಉದ್ದನೆ ಬಾಕ್ಸ್ ಇದೆ. ಬಾಡಿಗೆ ರಸೀದಿ, ಎಲ್‌ಐಸಿ ರಸೀದಿ, ಬ್ಯಾಂಕಿನ ಬಡ್ಡಿ ಸರ್ಟಿಫಿಕೇಟ್ ಬಂದಹಾಗೆಲ್ಲ ಅದಕ್ಕೆ ಬೀಳುತ್ತವೆ. ರಿಟರ್ನ್ ಜೊತೆ ಯಾವುದನ್ನೂ ಲಗತ್ತಿಸಬೇಕಿಲ್ಲ, ಆದರೆ ಕೇಳಿದ ದಿನ ಕೈಗೆ ಸಿಗಬೇಕು.

ರಿಫಂಡ್ (ಜಾಸ್ತಿ ಕಟ್ಟಿದ ತೆರಿಗೆ ವಾಪಸ್) ಬರೋದಿದ್ದರೆ ಬ್ಯಾಂಕ್ ಖಾತೆ ಪೋರ್ಟಲ್‌ನಲ್ಲಿ ವ್ಯಾಲಿಡೇಟ್, ಅಂದರೆ ಖಚಿತ, ಆಗಿದೆಯಾ ನೋಡಿ. ಅಪ್ಪನ ರಿಟರ್ನ್‌ಗೆ ಅವರ ಹಳೇ ಸಿಂಡಿಕೇಟ್ ಬ್ಯಾಂಕ್ ಪಾಸ್‌ಬುಕ್ ನೋಡಿ ನಾನು ಐಎಫ್‌ಎಸ್‌ಸಿ (ಬ್ಯಾಂಕ್ ಶಾಖೆಯ ಕೋಡ್) ಹಾಕಿದ್ದೆ. ಅದು 2020ರ ಏಪ್ರಿಲ್‌ನಲ್ಲೇ ಕೆನರಾಕ್ಕೆ ಸೇರಿಹೋಗಿದೆ, ಕೋಡೂ ಬದಲಾಗಿದೆ ಅನ್ನೋದು ಹೊಳೆಯಲೇ ಇಲ್ಲ.

ಸಲ್ಲಿಸು ಒತ್ತಿದ ತಕ್ಷಣ ಎದ್ದು ಹೋಗಬೇಡಿ. ಆಧಾರ್ ಒಟಿಪಿಯಿಂದ ಇ-ವೆರಿಫೈ (ರಿಟರ್ನ್ ನನ್ನದೇ ಅಂತ ಆನ್‌ಲೈನ್‌ನಲ್ಲೇ ಖಚಿತಪಡಿಸೋದು) ಮಾಡಿಯೇ ಏಳಿ. 30 ದಿನದ ಗಡುವಿದೆ, ಆದರೆ ನಾಳೆ ಮಾಡೋಣ ಅಂದವರೇ ಮರೆಯೋದು. ರಿಫಂಡ್ ಬಂದಿದೆ, ಈ ಲಿಂಕ್ ಒತ್ತಿ ಅಂತ ಬರೋ ಮೆಸೇಜನ್ನು ಸುಮ್ನೆ ಅಳಿಸಿಹಾಕಿ.

ಫಾರ್ಮ್ 16 ಇನ್ನೂ ಬಂದಿಲ್ಲದಿದ್ದರೆ ಈ ಭಾನುವಾರ ಎಐಎಸ್ ಒಂದನ್ನಾದರೂ ತೆಗೆದು ನೋಡಿ. ಪಿಡಿಎಫ್ ಪಾಸ್‌ವರ್ಡ್ ಕೇಳುತ್ತದೆ: ಪ್ಯಾನ್ ನಂಬರನ್ನು ಇಂಗ್ಲಿಷಿನ ಚಿಕ್ಕಕ್ಷರದಲ್ಲಿ ಹೊಡೆದು, ಮಧ್ಯೆ ಜಾಗ ಬಿಡದೆ ಹುಟ್ಟಿದ ದಿನ, ತಿಂಗಳು, ವರ್ಷ. ನಾನು ಮೊದಲ ಸಲ ದೊಡ್ಡಕ್ಷರದಲ್ಲಿ ಹೊಡೆದು ಹೊಡೆದು ಫೈಲೇ ಹಾಳಾಗಿದೆ ಅಂದುಕೊಂಡಿದ್ದೆ.